ಎರಡೇ ಗೇಣಿನ ದಾರಿ

ರೀ,

ಕಾರಿನ ಕೀಲಿ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ.

ರಾತ್ರಿ ಗೋಡೆಯ ಮ್ಯಾಪಿನ ಮೇಲೆ ಗೇಣು ಹಾಕಿ, "ಮಗಳ ಊರು ಎರಡೇ ಗೇಣು, ಸಂಜೆಯೊಳಗೆ ಮುಟ್ತೀವಿ" ಅಂದ್ರಲ್ಲ, ನಿಮ್ಮ ಗೇಣಿಗೆ ಬೆಟ್ಟವೂ ಅಡ್ಡ ಬರಲ್ಲ, ಚಹಾ ಅಂಗಡಿಯೂ ಅಡ್ಡ ಬರಲ್ಲ. ನಿಮ್ಮ ಕಾರು ಮಾತ್ರ ಎರಡು ಕಡೆಯೂ ನಿಲ್ಲುತ್ತೆ. ನನ್ನ ತಂಗಿ ಮದುವೆಗೆ ಹೀಗೇ ಹೊರಟು, ಕುರ್ಚಿ ಮಡಚುವವರ ಜೊತೆ ಫೋಟೊ ತೆಗೆಸಿಕೊಂಡು ಬಂದೆವು. ನಿನ್ನೆ ಹುಟ್ಟಿದ ಮೊಮ್ಮಗಳು ನಡೆಯೋಕೆ ಕಲಿಯೋದರೊಳಗಾದ್ರೂ ತಲುಪೋಣ.

ರೈಲಿಗೆ ಇಬ್ಬರಿಗೂ ಟಿಕೆಟ್ ತೆಗೆಸಿದ್ದೀನಿ. ಕಿಟಕಿ ಸೀಟು ನನ್ನದು.

ಮಾತ್ರೆ ಡಬ್ಬಿ ಮರೀಬೇಡಿ, ಹಿಂದಿನ ಬಾಗಿಲಿಗೆ ಚಿಲಕ ಹಾಕಿ. ನಿಮ್ಮ ಜೊತೆ ವಾದಕ್ಕೆ ಕೂತರೆ ರೈಲೂ ತಪ್ಪುತ್ತೆ ಅಂತ ಮುಂದೆ ಹೋಗ್ತಿದ್ದೀನಿ. ಸ್ಟೇಷನ್ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಅದಕ್ಕೂ ಗೇಣು ಹಾಕ್ತಾ ಕೂರಬೇಡಿ, ನಡೆದು ಬನ್ನಿ.