ಗಟ್ಟಿಮೇಳದವನ ಕಿವಿ

ನವೆಂಬರ್ 17, 2024. ಭಾನುವಾರ

ಮಂಚೇನಹಳ್ಳಿ ಛತ್ರ. ಏಳೂವರೆ ಮುಹೂರ್ತ. ಉಪ್ಪಿಟ್ಟು ತಣ್ಣಗೆ, ಕಾಫಿ ಬರೀ ಸಕ್ಕರೆ — ಮ್ಯಾನೇಜರ್ ರಮೇಶ್‌ಬಾಬು ಕಣ್ಣಿಗೆ ಓಲಗದವರು ಯಾವತ್ತೂ ಕೊನೇ ಪಂಕ್ತಿ.

ಇವತ್ತು ತಪ್ಪಿಯೇ ಹೋಗುತ್ತಿತ್ತು. ತಾಳಿ ಹೊತ್ತಿಗೆ ಫೋಟೋದವರು ಅಡ್ಡ ನಿಂತರು. ಸನ್ನೆಗೆ ಎತ್ತಿದ ಶಾಸ್ತ್ರಿಗಳ ಬೆರಳು ಕಾಣಲಿಲ್ಲ. 'ಗಟ್ಟಿಮೇಳ' ಅಂತ ಎರಡು ಸಲ ಕೂಗಿದರಂತೆ. ಕೇಳಿಸಲಿಲ್ಲ. ವೆಂಕಟರವಣ ನಾಗಸ್ವರ ಬಾಯಲ್ಲಿಟ್ಟುಕೊಂಡೇ ನನ್ನ ಕಾಲಿಗೆ ಒದ್ದ. ಆಮೇಲೆ ಡೋಲು ಬಡಿದ ರಭಸಕ್ಕೆ ಮುಂದಿನ ಸಾಲಿನ ಮಗು ಅತ್ತಿತು. ಅತ್ತದ್ದು ಕಂಡಿತು, ಅಷ್ಟೇ. ಲೆಕ್ಕಕ್ಕೆ ನನ್ನ ಕೆಲಸ ಸರಿಯಾಗಿಯೇ ಆಯಿತು. ಗಟ್ಟಿಮೇಳ ಇರುವುದೇ ಅದಕ್ಕೆ — ಕೊರಳಿಗೆ ತಾಳಿ ಬೀಳುವಾಗ ಅಳು, ಸೀನು, ಕೆಟ್ಟ ಮಾತು ಯಾವುದೂ ಮದುಮಕ್ಕಳ ಕಿವಿಗೆ ಬೀಳಬಾರದು. ಮೂವತ್ತು ವರ್ಷ ಊರವರ ಕಿವಿ ಕಾದೆ. ನನ್ನದು ಕಾಯುವವರಿರಲಿಲ್ಲ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ, ಅದರಲ್ಲೂ ಹಗಲೂ ರಾತ್ರಿ ಒಂದು ಜೀರುಂಡೆ. ಗೊತ್ತಿರುವುದು ಇಬ್ಬರಿಗೆ — ಹೆಂಡತಿ ಶ್ಯಾಮಲ, ಅವಳ ತಮ್ಮ ವೆಂಕಟರವಣ. ಮಿಕ್ಕವರ ಪಾಲಿಗೆ ಚೆನ್ನರಾಯಪ್ಪ ಅಂದರೆ ಬೆರಳಿನ ಮೇಲೆ ಕಣ್ಣಿಟ್ಟು ನುಡಿಸುವ ಶಿಸ್ತಿನ ಮನುಷ್ಯ.

ಊಟದ ಹೊತ್ತಿಗೆ ಒಬ್ಬ ಹುಡುಗಿ ಬಂದು ಪಕ್ಕ ಕೂತಳು. ಮಹತಿ. ಚಿಂತಾಮಣಿಯ ಮೇಷ್ಟ್ರ ಮಗಳು, ಹೆಣ್ಣಿನ ಕಡೆಯವರು. ಕೀರ್ತನೆ ಕಲಿತವಳು. ಈಗ ಬೆಂಗಳೂರಲ್ಲಿ ಅದೇನೋ ಹೊಸ ಸಂಗೀತ, ಎಕ್ಸ್‌ಪೆರಿಮೆಂಟಲ್ ಅಂತೆ.

"ಅಂಕಲ್, ನಂಗೆ ನಿಮ್ಮ ಗಟ್ಟಿಮೇಳ ಮಾತ್ರ ಬೇಕು. ಮದುವೆ ಬೇಡ."

"ಅದೆಂಗಮ್ಮಾ? ಒಗ್ಗರಣೆ ಕೊಡಿ, ಸಾರು ಬೇಡ ಅಂದಂಗಾಯ್ತು."

ನಕ್ಕಳು. ತುಟಿ ನೋಡಿ ಉತ್ತರ ಕೊಟ್ಟೆ ಅಂತ ಅವಳಿಗೆ ಗೊತ್ತಾಗಲಿಲ್ಲ.

ಡಿಸೆಂಬರ್ 20

ಧನುರ್ಮಾಸ. ಮದುವೆ ಇಲ್ಲ. ಡೋಲಿಗೆ ಬಿಸಿಲು ಕಾಣಿಸಿ ಒಳಗಿಟ್ಟೆ.

ಮಹತಿ ಗೌರಿಬಿದನೂರಿಗೇ, ನಮ್ಮ ಮನೆಗೇ ಬಂದಳು. ರೈಲಲ್ಲಿ. ತೊಡೆ ಮೇಲೆ ಕಂಚಿನ ಗಂಟೆ, ಅವಳ ತಾತ ಪೂಜೆಗೆ ಇಟ್ಟುಕೊಂಡಿದ್ದದ್ದು. ಜನವರಿಯಲ್ಲಿ ಬೆಂಗಳೂರಲ್ಲಿ ಅವಳ ಕಾರ್ಯಕ್ರಮವಂತೆ. ಕೆಲಸ ಇಷ್ಟೇ — ಅವಳು ಗಂಟೆ ಒಂದೇ ಸಲ ಹೊಡೆಯುತ್ತಾಳೆ. ನಾದ ಕರಗುತ್ತಾ ಕರಗುತ್ತಾ ಪೂರ್ತಿ ಇಲ್ಲವಾದ ಕ್ಷಣಕ್ಕೆ ನಾನು ಗಟ್ಟಿಮೇಳ ಬಡಿಯಬೇಕು.

"ಮುಂಚೆ ಅಲ್ಲ, ಆಮೇಲೂ ಅಲ್ಲ ಅಂಕಲ್. ನೀವು ಕೇಳಿಸ್ಕೊಳ್ತೀರಲ್ಲ, ಅದೇ ಕಂಪೋಸಿಷನ್."

ಇಡೀ ಜಿಲ್ಲೆ ಹುಡುಕಿ ಎಂಥ ಕಿವಿ ಆರಿಸಿಕೊಂಡಿದ್ದಾಳೆ!

ಆಗೋದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಡೋಲು ಕೇಳುವುದಕ್ಕೆಂದೇ ಯಾರೂ ಕುರ್ಚಿ ಹಾಕಿಸಿರಲಿಲ್ಲ.

ಡಿಸೆಂಬರ್ 28

ಉಪಾಯ ಸಿಕ್ಕಿತು. ಶ್ಯಾಮಲ ನಮ್ಮ ದೇವರ ಮನೆ ಗಂಟೆ ಹೊಡೆದು ಬೆರಳು ಎತ್ತುತ್ತಾಳೆ. ನಾದ ನಿಂತ ಕೂಡಲೇ ಮಡಚುತ್ತಾಳೆ. ನಾನು ಬಡಿಯುತ್ತೇನೆ. ಬೆಂಗಳೂರಲ್ಲಿ ಅವಳು ಮುಂದಿನ ಸಾಲಲ್ಲಿ ಕೂತರೆ ಮುಗಿಯಿತು.

"ಚೆನ್ನಾಗಿದೆ ಕಣ್ರೀ. ಈ ವಯಸ್ಸಲ್ಲಿ ನನ್ನ ಶಾಸ್ತ್ರಿಗಳ್ನ ಮಾಡಿದ್ರಿ."

"ದಕ್ಷಿಣೆ ಕೇಳ್ಬೇಡ ಮತ್ತೆ."

ಒಂದು ವಿಚಿತ್ರ. ಅವಳು ಬೆರಳು ಮಡಚಿದ ಮೇಲೂ ನನಗೆ ಗಂಟೆ ಇರುತ್ತದೆ. ಜೀರುಂಡೆ ಗಂಟೆಯ ಶ್ರುತಿ ಹಿಡಿದುಕೊಂಡು ಬಿಡುತ್ತದೆ... ಯಾವುದು ಗಂಟೆ, ಯಾವುದು ನಾನು, ಹೇಳಲು ಬರುವುದಿಲ್ಲ.

ಜನವರಿ 5, 2025. ಬೆಳಿಗ್ಗೆ

ನಿನ್ನೆ ಆಯಿತು. ಆದದ್ದು ಆದ ಹಾಗೆ ಬರೆಯಬೇಕು.

ಹಾಲ್ ಸಣ್ಣದು. ಬಂದವರು ನಲವತ್ತು ಇರಬಹುದು. ಅರ್ಧ ಜನ ತಾವೂ ಇಂಥದ್ದೇ ಮಾಡುವವರು — ಇವರದಕ್ಕೆ ಅವರು, ಅವರದಕ್ಕೆ ಇವರು. ಮದುವೆಯ ಮುಯ್ಯಿ ಇದ್ದ ಹಾಗೆ.

ವೇದಿಕೆ ಹತ್ತಿದ ಮೇಲೆ ಮಹತಿ ಅಂದಳು — ಲೈಟ್ ಪೂರ್ತಿ ಆರಿಸ್ತೀವಿ ಅಂಕಲ್, ಕತ್ತಲಲ್ಲಿ ಕೇಳ್ಬೇಕು ಇದು.

ಶ್ಯಾಮಲಳ ಬೆರಳು ಕತ್ತಲಿಗೆ ಹೋಯಿತು.

ಗಂಟೆಗೆ ಪೆಟ್ಟು ಬಿತ್ತು. ಕಾದೆ. ಕರಗಲಿ ಅಂತ ಕಾದೆ. ಕರಗಲಿಲ್ಲ. ಸಣ್ಣಗೆ, ಒಂದೇ ಸಮ, ಹಾಗೇ ಇತ್ತು. ಎಷ್ಟು ಹೊತ್ತೋ. ಕಡೆಗೆ ಕಾಲಿಗೆ ಯಾರೋ ಒದ್ದ ಹಾಗಾಯಿತು — ಯಾರೂ ಇರಲಿಲ್ಲ, ಅಭ್ಯಾಸ. ಬಡಿದೆ. ಮೂವತ್ತು ವರ್ಷದ ಮದುವೆಗಳನ್ನೆಲ್ಲ ಒಟ್ಟಿಗೆ ಬಡಿದೆ.

ಲೈಟ್ ಬಂದಾಗ ಮಹತಿ ಅಳುತ್ತಿದ್ದಳು. ಜನ ಎದ್ದು ನಿಂತಿದ್ದರು. ಅಷ್ಟು ಉದ್ದದ ಮೌನ ಯಾರೂ ಹಿಡಿದಿಲ್ಲವಂತೆ. ಅವರಿಗೆ ಅದು ಮೌನ.

ಆಮೇಲೆ ಪ್ರಶ್ನೋತ್ತರ. ಮಹತಿ ಪಕ್ಕ ಕೂತು ಒಂದೊಂದು ಪ್ರಶ್ನೆಯನ್ನೂ ನನ್ನ ಕಡೆ ತಿರುಗಿ ಹೇಳಿದಳು. ಆ ಮೌನದಲ್ಲಿ ಏನು ಕೇಳಿಸಿಕೊಳ್ಳುತ್ತಿದ್ದಿರಿ ಅಂತ ಗಡ್ಡದವನೊಬ್ಬ.

ಮೈಕು ಕೈಗೆ ಬಂತು. ಅಷ್ಟೂ ಮುಖ ನನ್ನ ಬಾಯಿಯನ್ನೇ ನೋಡುತ್ತಿದ್ದವು. ಪಾಯಸ ಬಂತಾ, ಚಪ್ಪಲಿ ಎಲ್ಲಿ ಅಂತ ಯಾರೂ ಕೂಗುತ್ತಿರಲಿಲ್ಲ.

"ಗಂಟೆನೇ ಸ್ವಾಮಿ. ನಿಮ್ಗೆ ನಿಂತೋಯ್ತು, ನಂಗೆ ಇನ್ನೂ ನಿಂತಿಲ್ಲ. ನಾನು ಕಿವುಡ. ಊರೋರ ಕಿವಿ ಮುಚ್ಚಕ್ಕೋಗಿ ನಂದೇ ಮುಚ್ಕೊಂಡೆ."

ಚಪ್ಪಾಳೆ. ಹಿಂದಿನಿಂದ ಒಬ್ಬಳು — ಮುಂದೆ ನಮ್ಮ ಸಂಗೀತ ಹೋಗೋ ದಾರಿ ಇದೇನಾ?

"ಸಂಗೀತದ ದಾರಿ ನಂಗೊತ್ತಿಲ್ಲ ತಾಯಿ. ನಂದು ಗೌರಿಬಿದನೂರು, ಕೊನೇ ಬಸ್ಸು."

ಹಾಲ್ ಪೂರ್ತಿ ನಕ್ಕಿತು. ಶ್ಯಾಮಲ ನಗಲಿಲ್ಲ. ಅವಳ ಬೆರಳು ಈಗ ತುಟಿಯ ಮೇಲಿತ್ತು. ಸುಮ್ಮನಿರಿ ಅಂತ. ಕಂಡಿತು. ಜನ್ಮದಲ್ಲಿ ಮೊದಲ ಸಲ, ಕಂಡ ಬೆರಳಿಗೆ ನಿಲ್ಲಲಿಲ್ಲ. ಮಾತಾಡುತ್ತಲೇ ಹೋದೆ.

ಜನವರಿ 23

ವಿಡಿಯೊ. ಅವತ್ತು ಬಂದವರಲ್ಲಿ ಯಾರೋ ಹಿಡಿದದ್ದು. 'ಕಿವುಡ ಡೋಲು ಕಲಾವಿದನ ಅದ್ಭುತ.' ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟ ದಾಟಿ, ಮಂಚೇನಹಳ್ಳಿ ಛತ್ರದ ವಾಟ್ಸಾಪ್ ಗ್ರೂಪಿಗೂ ಬಂದಿದೆ. ಡೋಲು ಬಡಿದದ್ದು ಅದರಲ್ಲಿಲ್ಲ. ಮಾತು ಮಾತ್ರ ಇದೆ.

ಮಧ್ಯಾಹ್ನ ರಮೇಶ್‌ಬಾಬು ತಾನೇ ಬಂದ. ಒಳ್ಳೆಯವನು, ಫೋನಲ್ಲಿ ಹೇಳಬಹುದಿತ್ತು. ಆಮೇಲೆ ಹೊಳೆಯಿತು — ಕೇಳಿಸುವುದಿಲ್ಲ ಅಂತ ಬಂದಿದ್ದಾನೆ.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ಹೆಣ್ಣಿನ ಕಡೆಯೋರು ನನ್ನ ಕೇಳ್ತಾರೆ. ಗಟ್ಟಿಮೇಳ ಅಂದ್ರೆ ಕೇಳಿಸ್ದೆ ಇರೋರ್ನ ಯಾಕೆ ಕರ್ಸಿದ್ರಿ, ಅಪಶಕುನ ಆದ್ರೆ ಯಾರು ಹೊಣೆ ಅಂತ."

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಇಷ್ಟು ಸಂಕೋಚ ಪಡುತ್ತಿರಲಿಲ್ಲ, ಅಷ್ಟೇ. ಕಾಫಿ ಕೊಟ್ಟು ಕಳಿಸಿದೆವು. ಸಕ್ಕರೆ ಹದವಾಗಿತ್ತು.

ಫೆಬ್ರವರಿ 9

ವೆಂಕಟರವಣ ಬಂದ. ಹೊಸಿಲ ಮೇಲೇ ನಿಂತ.

"ಏಂ ಚೇಸೇದಿ ಬಾವ, ಏನ್ ಮಾಡ್ಲಿ... ಎಲೆಕ್ಟ್ರಾನಿಕ್ ಪ್ಯಾಡ್ ತಗೊಂಡಿದೀನಿ. ಡೋಲು ಅದ್ರಲ್ಲೇ ಬರ್ತದೆ. ಬೇರೆ ಡೋಲಿನೋರ್ನ ಕರ್ಕೊಂಡೋಗಕ್ಕೆ ಮನ್ಸು ಬರ್ಲಿಲ್ಲ."

ಮರ್ಯಾದೆಯ ಮಾತು. ನನ್ನ ಜಾಗಕ್ಕೆ ಮನುಷ್ಯನನ್ನು ತರಲಿಲ್ಲ.

"ನಿನ್ನ ಎರಡು ಕೈಯೂ ನಾಗಸ್ವರದ ಮೇಲಿರ್ತವೆ. ಗಟ್ಟಿಮೇಳಕ್ಕೆ ಅದನ್ನ ಯಾರು ಒತ್ತೋದೋ?"

"ಪೆಡಲ್ ಐತೆ ಬಾವ. ಕಾಲಲ್ಲಿ ಒತ್ತಿದ್ರಾಯ್ತು."

ನನಗೆ ಒದೆಯುತ್ತಿದ್ದ ಕಾಲು. ಅದರ ಕೆಲಸ ಹೋಗಿಲ್ಲ.

ಶ್ಯಾಮಲ ತಮ್ಮನಿಗೆ ನೀರು ಕೊಟ್ಟಳು. ಲೋಟ ಇಸಕೊಂಡು ಒಳಗೆ ಹೋದಳು.

ಮಾರ್ಚ್ 2

ಮಹತಿ. ಬರುತ್ತಲೇ ಕಣ್ಣು ಕೆಂಪು. ಆ ವಿಡಿಯೊವನ್ನು ಎಲ್ಲ ಕಡೆಯಿಂದ ತೆಗೆಸಿಹಾಕಲು ತಿಂಗಳಿಂದ ಓಡಾಡಿದ್ದಾಳಂತೆ. ಎಲ್ಲಿ ತೆಗೆಸುತ್ತಾಳೆ, ಪಾಪ.

ನಾನೇ ಕೇಳಿದೆ, ಇನ್ನೊಂದು ಸಲ ಯಾವಾಗ ಅಂತ. ಕಾಯುತ್ತಿದ್ದೆ ಅಂತ ತೋರಿಸಿಕೊಳ್ಳದೆ ಕೇಳಿದೆ.

"ಇನ್ನೊಂದ್ಸಲ ಇಲ್ಲ ಅಂಕಲ್. ಆ ಹಾಲ್ ಮುಚ್ತಿದಾರೆ. ಬೇರೆ ಕಡೆ ಕೇಳ್ದೆ, ಜನ ಎಷ್ಟು ಬರ್ತಾರೆ ಅಂತಾರೆ. ಅವತ್ತು ಬಂದಿದ್ರಲ್ಲ, ಅವ್ರೇ ನಮ್ಮ ಜನ. ಅಷ್ಟೇ ಜನ." ಈಗ ಅಪಾರ್ಟ್‌ಮೆಂಟ್ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾಳಂತೆ. ಸಿನಿಮಾ ಹಾಡು.

"ಅಷ್ಟು ಜನ ಕೇಳಿದ್ರಲ್ಲಮ್ಮಾ. ನಂಗೆ ಮದುವೆ ಒಂದಕ್ಕೆ ಐನೂರು ಜನ. ಕೇಳಿದೋರ್ನ ಒಬ್ಬರ್ನ ತೋರ್ಸು."

ನಗಿಸಲು ಹೇಳಿದ್ದು. ನಗಲಿಲ್ಲ. ಹೋಗುವಾಗ ಗಂಟೆ ಇಲ್ಲೇ ಬಿಟ್ಟಳು. ತನ್ನ ರೂಮಿನಲ್ಲಿ ಅದನ್ನು ಹೊಡೆದರೆ ಪಕ್ಕದವರು ಬೈಯುತ್ತಾರಂತೆ.

ಕೂಡಿ ಕಳೆದು ನೋಡಿದೆ. ನನ್ನನ್ನು ಕೇಳಿದ್ದು ಒಂದು ಸಂಜೆ. ಮಿಕ್ಕದ್ದೆಲ್ಲ ಹೋದದ್ದು ಆ ಒಂದು ಸಂಜೆಗೆ. ತಾಳೆ ಆಗುತ್ತದೆಯೋ ಇಲ್ಲವೋ... ಕೆಳಗೆ ಗೆರೆ ಎಳೆಯಲಾಗಲಿಲ್ಲ.

ಏಪ್ರಿಲ್ 20. ಭಾನುವಾರ

ಮುಹೂರ್ತದ ದಿನ. ಮನೆಯಲ್ಲೇ.

ಬೆಳಿಗ್ಗೆ ಬೀದಿಯಲ್ಲಿ ಗಂಡಿನ ದಿಬ್ಬಣ ಹೋಯಿತು. ಮುಂದೆ ವೆಂಕಟರವಣ, ಹಿಂದೆ ಆಟೋದಲ್ಲಿ ಸ್ಪೀಕರ್. ಹೇಗಿತ್ತು ಅಂದೆ. "ಜೋರಾಗಿತ್ತು" ಅಂದಳು ಶ್ಯಾಮಲ.

ಡೋಲಿನ ಚರ್ಮ ಸಡಿಲ ಬಿದ್ದಿದೆ. ಆದರೂ ಗೋಡೆಯಿಂದ ಇಳಿಸಿ ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೀಪ ಹಚ್ಚುವ ಹೊತ್ತು. ಶ್ಯಾಮಲ ಮಹತಿಯ ಗಂಟೆ ತೆಗೆದುಕೊಂಡು ಎದುರಿಗೇ ಬಂದು ಕೂತಳು. ನಾನು ಕೇಳಿರಲಿಲ್ಲ. ಒಂದು ಸಲ ಹೊಡೆದಳು. ಬೆರಳು ಎತ್ತಿದಳು.

ಎಡಗೈ ಡೋಲಿನ ಮೇಲೆ. ಬಲಗೈಯಲ್ಲಿ ಪೆನ್ನು.

ಮಡಚಿದಳು. ಬಡೀರಿ ಅಂತ ಕಣ್ಣಲ್ಲೇ ಅನ್ನುತ್ತಿದ್ದಾಳೆ.

ಇರೇ, ಒಂದು ಗಳಿಗೆ. ನನಗಿನ್ನೂ