ನೀಲಾಂಬಿಕೆಯ ತಂಟೆಯಂಕ

ಧಾರವಾಡ
ಫೆಬ್ರವರಿ 31, 2168

ಸಂದರ್ಶನದ ಮೇಜಿನ ಆಚೆ ಕುಳಿತಿರುವ ಹಿರಿಯರಿಗೆ,

ನೂರಕ್ಕೂ ಹೆಚ್ಚು ವರ್ಷ ಹಿಂದಿನ ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವೇ ಇರಲಿಕ್ಕಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಎದುರು ನಿಂತು ಮಾತಾಡಲು ಹೆದರುವವಳು ನಾನು. ಬರೆಯುವುದಷ್ಟೇ ಗೊತ್ತು.

ಕನ್ನಡ ಎಂ.ಎ. ಮಾಡಿದ ನನಗೆ ಇಲ್ಲಿನ ನೀರುಮನೆಯಲ್ಲಿ ಕೆಲಸ. ಊರಿನ ನೀರನ್ನು ಪರೀಕ್ಷಿಸಿ ಬಿಡುವ ಕಚೇರಿಯನ್ನು ನಾವು ಹಾಗೆ ಕರೆಯುತ್ತೇವೆ. ಕೆಲಸ ಸಿಗದವರಿಗೆ ಪತ್ರ ಬರೆಯುವುದು ನನ್ನ ಪಾಲು. ಸಾಹಿತ್ಯ ಓದಿದವಳು, ನೋವಾಗದಂತೆ ಬರೆಯುತ್ತಾಳೆ ಎಂಬುದು ಮೇಲಧಿಕಾರಿ ಹಾದಿಮನಿಯವರ ನಂಬಿಕೆ.

ನಮ್ಮಲ್ಲಿ ಪರೀಕ್ಷೆ, ಸಂದರ್ಶನ ಎಲ್ಲವೂ ಪರದೆಯ ಹಿಂದೆ ನಡೆಯುತ್ತವೆ. ಹೆಸರಿಲ್ಲ, ಮುಖವಿಲ್ಲ, ದನಿಯೂ ಬದಲಾಗಿರುತ್ತದೆ. ಅವುಗಳಲ್ಲಿ ಎಲ್ಲರಿಗಿಂತ ಮೊದಲು ಬಂದವರಿಗೆ ಮಾತ್ರ ಕೊನೆಗೊಂದು ಮುಖದಿನ. ಅಂದು ಪರದೆ ಸರಿಸಿ, ಒಂದು ನಿಮಿಷ ನೋಡಿ, ಮಂಡಳಿಯ ಮೂವರು ತಂಟೆಯಂಕ ಕೊಡುತ್ತಾರೆ. ಈ ಮುಖದಿಂದ ಕಚೇರಿಯಲ್ಲಿ ಕಿರುಕುಳದ ದೂರು ಹುಟ್ಟುವ ಸಂಭವ ಎಷ್ಟು ಎಂಬ ಅಂಕ. ಹತ್ತಕ್ಕೆ ಆರು ದಾಟಿದರೆ ಕೆಲಸವಿಲ್ಲ.

ಕಳೆದ ವರ್ಷ ಮೊದಲು ಬಂದವಳು ನನ್ನ ಚಿಕ್ಕಮ್ಮನ ಮಗಳು ನೀಲಾಂಬಿಕೆ. ನಮ್ಮ ಮನೆಯಲ್ಲೇ ಬೆಳೆದವಳು. ಲೋಟದ ನೀರನ್ನು ಮೂಸಿ ಅದು ಯಾವ ಕೆರೆಯದೆಂದು ಹೇಳುತ್ತಿದ್ದಳು. ನೀರುಮನೆ ಬಿಟ್ಟು ಬೇರೆ ಕೆಲಸದ ಮಾತನ್ನೇ ಆಡಿದವಳಲ್ಲ. ಮುಖದಿನದಂದು ಪರದೆ ಸರಿಯಿತು.

“ಹುಡುಗಿ ಶಾಣ್ಯಾ ಅದಾಳ, ಖರೆ,” ಎಂದರು ಮಂಡಳಿಯಲ್ಲಿದ್ದ ಹಾದಿಮನಿಯವರು. “ಆದ್ರ ಮಾಳಗಿ ಅವರ ವಿಭಾಗಕ್ಕ ಇಷ್ಟು ಚೆಂದದಾಕಿನ್ನ ಕಳಿಸಿದ್ರ, ನಾಳೆ ತಂಟಿ ಬಗಿಹರಸೋರು ಯಾರ್ರೀ?”

ಆ ವಿಭಾಗದ ಮುಖ್ಯಸ್ಥ ಮಾಳಗಿಯವರ ಮೇಲೆ ಆಗಲೇ ಕಿರುಕುಳದ ನಾಲ್ಕು ದೂರುಗಳಿದ್ದವು. ಅವರಿಗೆ ಯಾರೂ ಅಂಕ ಕೊಡಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ನಾನು ಮಂಡಳಿ ಹೇಳಿದಂತೆ ನೀಲಾಳ ಹೆಸರಿನ ಮುಂದೆ ಒಂಬತ್ತು ಎಂದು ಬರೆದುಕೊಂಡೆ. ಅವಳಿಗೆ ಹೋದ ಪತ್ರವನ್ನೂ ನಾನೇ ಬರೆದೆ.

ಈ ವರ್ಷವೂ ಅವಳೇ ಮೊದಲು ಬಂದಳು. ಮುಖದಿನದ ಬೆಳಿಗ್ಗೆ ಹುಬ್ಬು ಬೋಳಿಸಿ, ಮಾರುದ್ದದ ಜಡೆಯನ್ನು ಅಡ್ಡಾದಿಡ್ಡಿ ಕತ್ತರಿಸಿಕೊಂಡು ನನ್ನೆದುರು ನಿಂತಳು. “ಅಕ್ಕಾ, ಬೆದರಗೊಂಬಿ ಹಂಗ ಕಾಣಾಕತ್ತೀನಿಲ್ಲೋ? ಹಂಗಾರ ಕೆಲ್ಸ ಪಕ್ಕಾ ಬಿಡು!” ಎಂದು ನಕ್ಕಳು. ನಾನೂ ನಕ್ಕೆ. ತಂಟೆಯಂಕ ಒಂದೇ ಬಂತು. ನನ್ನ ಎದೆ ಹಗುರಾಯಿತು.

ಹಾದಿಮನಿಯವರು ಕನ್ನಡಕ ತೆಗೆದು ಒರೆಸಿಕೊಂಡರು. “ಮಂದಿ ಬಂದ್ ಹೋಗೋ ಕಚೇರಿ ಐತ್ರೀ. ಮಾರಿ ಮ್ಯಾಲ ಒಂಚೂರು ಕಳೆ ಬ್ಯಾಡೇನು?”

ಎರಡನೆಯ ಪತ್ರವನ್ನೂ ನಾನೇ ಬರೆದೆ. ನೀಲಾ ನಿಂತಲ್ಲೇ ಓದಿ, ಮಡಚಿ, “ಚೆಂದ ಬರದೀ ಅಕ್ಕಾ,” ಎಂದಳು. ಅಷ್ಟೇ. ಈಗ ಅವಳು ನೀರನ್ನು ಮೂಸುವುದಿಲ್ಲ. ಕುಡಿದು ಲೋಟ ಇಡುತ್ತಾಳೆ.

ನಮ್ಮ ದಾಖಲೆ ಕೋಣೆಯಲ್ಲಿ ನಿಮ್ಮ ಕಾಲದ ಒಂದು ಹಾಳೆಯಿದೆ. ಯಾವುದೋ ಹುಡುಗಿಯ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಹೀಗಿದೆ: ‘ಬುದ್ಧಿವಂತೆ. ನೋಡಲು ಚೆಂದ. ಬೇಡ, ಯಾಕೆ ತಂಟೆ.’ ಬರೆದವರು ಕೆಟ್ಟವರೇನೂ ಇರಲಿಕ್ಕಿಲ್ಲ. ಅವಳ ಒಳಿತಿಗೇ ಎಂದುಕೊಂಡಿರಬಹುದು.

ಆ ಪೆನ್ಸಿಲ್ ಇನ್ನೂ ನಿಮ್ಮ ಕೈಯಲ್ಲಿದೆ. ದಯವಿಟ್ಟು ಕೆಳಗಿಡಿ. ತಂಟೆ ಮಾಡುವವನ ಹೆಸರು ನಿಮಗೆ ಗೊತ್ತು. ಆ ದಿನ ಕೋಣೆಯಲ್ಲಿದ್ದ ನಮ್ಮೆಲ್ಲರಿಗೂ ಗೊತ್ತಿತ್ತು, ನನಗೂ.

ಇಂತಿ,
ಮೂಲೆಯಲ್ಲಿ ಕುಳಿತು ಒಂಬತ್ತು ಎಂದು ಬರೆದವಳು