ಹಳದಿ ಚೀಟಿ ಅಂಟಿಸಿದ ಪುಟಗಳು

ಬೆಂಡಿಗೊ, ಭಾನುವಾರ

ಪ್ರಿಯ ಡಂಕನ್,

ಪರ್ತ್‌ಗೆ ಹೊರಡುವಾಗ ಲೆಕ್ಕಿಗರು ಕಳಿಸಿದ ಕಾಗದಗಳನ್ನು ನನ್ನ ಮುಂದಿಟ್ಟು, "ಹಳದಿ ಚೀಟಿ ಇರೋ ಕಡೆಯೆಲ್ಲ ಸಹಿ ಹಾಕು ಮಾರಾಯ್ತಿ, ಓದ್ತಾ ಕೂರೋಕೆ ಅದೇನು ಕವಿತೆನಾ?" ಎಂದು ಹೇಳಿ ಹೋದೆಯಲ್ಲ. ಈ ಸಲ ನಾನು ಓದಿದೆ.

ನನ್ನ ಅಮ್ಮ ನನಗೆ ಬಿಟ್ಟುಹೋದ ಷೇರುಗಳನ್ನು ಗಂಡ-ಹೆಂಡತಿ ನಾವಿಬ್ಬರೇ ನಡೆಸುವ ಪಿಂಚಣಿ ನಿಧಿಗೆ ಸೇರಿಸಿದರೆ ತೆರಿಗೆ ಉಳಿಯುತ್ತದೆ, ನಿಜ. ಆದರೆ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುವ ವಾರಸುದಾರರ ಪತ್ರವೂ ಆ ಕಾಗದಗಳ ನಡುವೆ ಇತ್ತು. ಹಿಂದಿನ ಪತ್ರದಲ್ಲಿ, ನಾನು ಸತ್ತರೆ ನಿಧಿಯಲ್ಲಿರುವ ನನ್ನ ಪಾಲು ನಿನಗೂ, ನನ್ನ ಮೊದಲ ಮದುವೆಯ ಮಗಳು ಟಿಲ್ಲಿಗೂ ಸಮನಾಗಿತ್ತು. ಇದರಲ್ಲಿ ನಿನ್ನ ಹೆಸರೊಂದೇ ಇದೆ.

ಲೆಕ್ಕಿಗರ ತಪ್ಪಿರಬಹುದು. ಹಾಗಿದ್ದರೆ, ಜೊತೆಗಿಟ್ಟಿರುವ ಖಾಲಿ ನಮೂನೆಯಲ್ಲಿ ಟಿಲ್ಲಿಯ ಹೆಸರನ್ನು ನಿನ್ನ ಕೈಯಿಂದಲೇ ಬರೆದು ಕಳಿಸು. ಅದು ಬರುವವರೆಗೆ ಅಮ್ಮನ ಷೇರುಗಳು ನನ್ನ ಹೆಸರಿನಲ್ಲೇ ಇರುತ್ತವೆ. ತೆರಿಗೆ ಎಷ್ಟಾದರೂ ಕಟ್ಟುತ್ತೇನೆ.

ಉತ್ತರಕ್ಕೆ ಕಾಯುತ್ತಿರುವ,
ಬ್ರಾನ್ವಿನ್